ಹಾಯಿದೋಣಿಗೆ ಎಣ್ಣೆನೀರು

ಬೆಂಗಳೂರು ವಿಮಾನ ನಿಲ್ದಾಣ

ನಮ್ಮ ಕಡೆಯವರು ಊರು ಬಿಟ್ಟು ಹೊರಟರೆ ಚೀಲದ ತಳಕ್ಕೆ ಮೊದಲು ಬೀಳುವುದು ಕೊಬ್ಬರಿ. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ನೆಂಟರ ಮನೆಗೆ ಬರಿಗೈಲಿ ಹೋಗುವ ಮರ್ಯಾದೆಗೇಡಿತನ ತುರುವೇಕೆರೆ ತಾಲ್ಲೂಕಿನಲ್ಲಿ ಇನ್ನೂ ಬಂದಿಲ್ಲ. ನಾನು ಹೊರಟಿದ್ದು ಮಲೇಷಿಯಾಕ್ಕೆ, ಒಡಹುಟ್ಟಿದ ತಂಗಿಯ ಹತ್ತಿರ. ಕೊಬ್ಬರಿ ಇಲ್ಲದೆ ಹೋಗುತ್ತೇನೆಯೇ? ಅಟ್ಟ ಹತ್ತಿ, ಕಿವಿಯ ಹತ್ತಿರ ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಒಡೆಸಿ, ಬೆಳ್ಳಗಿರುವ ಗಿಟುಕುಗಳನ್ನಷ್ಟೇ ಆರಿಸಿ ಹಳೆಯ ಪಂಚೆಯಲ್ಲಿ ಕಟ್ಟಿಕೊಂಡಿದ್ದೆ.

ತಪಾಸಣೆಯ ಯಂತ್ರದೊಳಗೆ ಹೋದ ನನ್ನ ಕೈಚೀಲ ಆ ಕಡೆಯಿಂದ ಬೇರೆ ದಾರಿ ಹಿಡಿಯಿತು. ಸಮವಸ್ತ್ರದ ಹುಡುಗಿಯೊಬ್ಬಳು ಗಂಟು ಬಿಚ್ಚಿ ಮುಖ ಸಣ್ಣದು ಮಾಡಿದಳು.

"ಅಮ್ಮಾ, ಕೊಬ್ಬರಿ ವಿಮಾನದಲ್ಲಿ ಬಿಡಲ್ಲ. ಎಣ್ಣೆ ಇರುತ್ತಲ್ಲ, ಬೆಂಕಿ ಹತ್ತೋ ಪದಾರ್ಥ ಅಂತ ರೂಲ್ಸು."

"ಬೆಂಕಿ ಹತ್ತೋದಾದ್ರೆ ನಮ್ಮಟ್ಟ ಇಷ್ಟೊತ್ಗೆ ಎಷ್ಟು ಸಲ ಉರ್ದೋಗ್ಬೇಕಿತ್ತು ಹೇಳು ತಾಯಿ! ಕೆಳ್ಗೆ ಒಲೆ ಉರೀತೈತೆ, ಮೇಲೆ ವರ್ಷಾನುಗಟ್ಲೆ ಕಾಯಿ ಒಣಗ್ತವೆ. ಒಂದಾದ್ರೂ ಹತ್ಕಂಡೈತಾ ಕೇಳು."

"ನಮ್ಮಜ್ಜೀದೂ ಅರಸೀಕೆರೆ ಅಮ್ಮಾ. ನಂಗೆ ಗೊತ್ತಿಲ್ವಾ?" ಎಂದಳು. ಗೊತ್ತಿದ್ದೂ ಡಬ್ಬಕ್ಕೆ ಹಾಕಿದಳು. ಹಾಕುವ ಮುಂಚೆ ಒಂದು ಗಿಟುಕನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದ್ದನ್ನು ನಾನು ಕಂಡೆ. ಹೊಟ್ಟೆ ಉರಿದುಹೋಯಿತು. ತಿಪಟೂರು ಸೀಮೆಯ ಕೊಬ್ಬರಿ ಪ್ಲಾಸ್ಟಿಕ್ ಬಾಟಲಿಗಳ ಜೊತೆ ಕಸದ ಡಬ್ಬದಲ್ಲಿ!

ಆದರೆ ದೊಡ್ಡ ಪೆಟ್ಟಿಗೆ ಮೊದಲೇ ಒಳಗೆ ಹೋಗಿತ್ತು. ಅದರಲ್ಲಿ ತಂಗಿಯ ತಲೆಗೆಂದು ಗಾಣದ ಕೊಬ್ಬರಿ ಎಣ್ಣೆಯ ಡಬ್ಬವೂ, ಸೀಗೆಕಾಯಿ ಅಂಟುವಾಳ ಸೇರಿಸಿ ಕುಟ್ಟಿದ ಪುಡಿಯ ಪೊಟ್ಟಣವೂ ಇದ್ದವು. ಅವೆರಡರಲ್ಲಿ ಒಂದು ಆ ದೇಶದಲ್ಲಿ ನನ್ನ ಮಾನ ಕಳೆಯಿತು, ಇನ್ನೊಂದು ಉಳಿಸಿತು. ಹೇಳುತ್ತೇನೆ ಕೇಳಿ.

ಲಂಕಾವಿ: ನೆಲದ ಮೇಲೆ ನಿಂತ ದೋಣಿಗಳು

ನಮ್ಮದು ತುರುವೇಕೆರೆಯಲ್ಲಿ ಮರಕ್ಕೆ ಪಾಲಿಶ್ ಹಾಕುವ ಕೆಲಸ. ತಲೆಬಾಗಿಲು, ದೇವರ ಮಂಟಪ, ಉಯ್ಯಾಲೆ, ಮಂಚ, ಯಾವುದೇ ಇರಲಿ, ಗೃಹಪ್ರವೇಶ ಹತ್ತಿರ ಬಂತೆಂದರೆ "ಗಿರಿಜಕ್ಕನ್ನ ಕರ್ಸಿ" ಅನ್ನುತ್ತಾರೆ. ನಮ್ಮ ಯಜಮಾನರೂ ನಾನೂ ಒಟ್ಟಿಗೇ ಶುರುಮಾಡಿದ್ದು. ಅವರು ಒಳ್ಳೆಯ ಕೆಲಸಗಾರರು, ನಾನು ಅವರಿಗಿಂತ ಒಳ್ಳೆಯ ಕೆಲಸಗಾರ್ತಿ. ಇದನ್ನು ಅವರೂ ಒಪ್ಪುತ್ತಾರೆ, ಗಿರಾಕಿಗಳ ಮುಂದೆ ಮಾತ್ರ ಒಪ್ಪುವುದಿಲ್ಲ.

ತಂಗಿ ಸರೋಜ. ಅವಳ ಗಂಡ ಲೋಕೇಶಪ್ಪ ಚಿಕ್ಕನಾಯಕನಹಳ್ಳಿಯವರು. ಸರಕು ಹಡಗುಗಳ ಇಂಜಿನ್ ನೋಡಿಕೊಳ್ಳುತ್ತಾ ಲೋಕವೆಲ್ಲ ಸುತ್ತಿ, ಈಗ ಮಲೇಷಿಯಾದ ಲಂಕಾವಿ ಎಂಬ ದ್ವೀಪದಲ್ಲಿ, ದೋಣಿ ರಿಪೇರಿ ಮಾಡುವ ಒಂದು ಯಾರ್ಡಿನಲ್ಲಿ ಕೆಲಸಕ್ಕಿದ್ದಾರೆ. ಯಾರೋ ಬಿಟ್ಟುಹೋದ ಹಳೆಯ ಹಾಯಿದೋಣಿಯೊಂದನ್ನು ಅಲ್ಲೇ ಕೊಂಡರು. ನಮ್ಮ ತಾಯಿಯ ತವರೂರು ಸಂಪಿಗೆ, ಸರೋಜ ದೋಣಿಗೂ ಅದೇ ಹೆಸರಿಟ್ಟಳು. ಆಮೇಲೆ ಆದದ್ದು ಇಷ್ಟೇ: ದೋಣಿಯ ಹುಚ್ಚು ಗಂಡನಿಗೆ ಇಳಿಯಿತು, ಹೆಂಡತಿಗೆ ಏರಿತು. ದಬ್ಬೇಘಟ್ಟದ ಕಾಲುವೆಯಲ್ಲಿ ಮೊಣಕಾಲುದ್ದ ನೀರು ಕಂಡರೂ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದ ಹುಡುಗಿ ಕಡಲಿನ ಮೇಲೆ ಹಾಯಿ ಬಿಚ್ಚುವುದನ್ನು, ಗಾಳಿ ನೋಡಿ ತಿರುಗಿಸುವುದನ್ನು ಕಲಿತಿದ್ದಳು.

ಒಂದು ದಿನ ಫೋನು ಬಂತು. "ಅಕ್ಕಾ, ಇವ್ರು ಸಂಪಿಗೇನ ಮಾರ್ತೀನಿ ಅಂತವ್ರೆ ಕಣೇ. ಮಂಡಿ ನೋವಂತೆ, ರಿಪೇರಿ ಸಾಕಂತೆ. ನಾನು ಬಿಲ್ಕುಲ್ ಒಪ್ಲಿಲ್ಲ. ಕೊನೆಗೆ ಅಂದ್ರು, ಬರೋ ಹುಣ್ಣಿಮೆಗೆ ಇದು ನೀರಿಗಿಳಿದ್ರೆ ನಿಂದು, ನಾನು ಮತ್ತೆ ಬಾಯಿ ಬಿಡಲ್ಲ. ಇಳೀದಿದ್ರೆ ಮಾರೋದೇ, ತಗೊಳ್ಳೋನು ರೆಡಿ ಅವ್ನೆ ಅಂತ."

ಹುಣ್ಣಿಮೆಯೇ ಯಾಕೆಂದರೆ, ಆ ಯಾರ್ಡು ಇರುವುದು ಕಡಲಿನಿಂದ ಒಳಗೆ ಬಂದ ಒಂದು ಆಳವಿಲ್ಲದ ಕೊಲ್ಲಿಯಲ್ಲಿ. ಹುಣ್ಣಿಮೆ ಅಮಾವಾಸ್ಯೆಗೆ ಮಾತ್ರ ದೊಡ್ಡ ದೋಣಿ ತೇಲುವಷ್ಟು ನೀರು ಏರುತ್ತದೆ. ಅಮಾವಾಸ್ಯೆಗೆ ಕಾದರೆ ಗಾಳಿ ತಿರುಗಿಬಿಡುತ್ತದೆ, ಆ ವರ್ಷದ ಹಾಯಿ ಮುಗಿದಂತೆ. ಇಂಜಿನ್ ಸರಿಯಿತ್ತು, ತಳಕ್ಕೆ ಬಣ್ಣ ಆಗಿತ್ತು, ಹಾಯಿ ಹೊಲಿದಿತ್ತು. ಉಳಿದಿದ್ದು ಹೊರಗಿನ ತೇಗದ ಮರ ಒಂದೇ. ಯಾರ್ಡಿನ ಮರದ ಕೆಲಸದವರೆಲ್ಲ ಬೇರೆ ದೋಣಿಗಳಿಗೆ ಒಪ್ಪಿಕೊಂಡುಬಿಟ್ಟಿದ್ದರು. "ನೀನು ಬಾ ಅಕ್ಕ" ಎಂದಳು. ಬಂದೆ.

ಯಾರ್ಡು ನೋಡಿ ನಗು ಬಂತು. ದೋಣಿ ಎಂದರೆ ನೀರಿನಲ್ಲಿರುತ್ತದೆ ಎಂದುಕೊಂಡಿದ್ದೆ. ಇಲ್ಲಿ ಕಬ್ಬಿಣದ ಊರುಗೋಲಿನ ಮೇಲೆ ಸಾಲಾಗಿ ನೆಲದಲ್ಲೇ ನಿಂತಿದ್ದವು, ಒಂದೊಂದಕ್ಕೂ ಏಣಿ. ಸೀರೆ ಉಟ್ಟು ಏಣಿ ಹತ್ತುವುದು ನನಗೇನು ಹೊಸದಲ್ಲ, ಆದರೆ ಇಳಿಯುವಾಗ ಸೆರಗು ಯಾವುದೋ ಕೊಂಡಿಗೆ ಸಿಕ್ಕಿಕೊಂಡು ನಾನು ಮೇಲೂ ಅಲ್ಲ ಕೆಳಗೂ ಅಲ್ಲ ಎಂಬಂತೆ ನಿಂತುಬಿಟ್ಟೆ. ಮಾರನೆಯ ದಿನದಿಂದ ಸರೋಜನ ಹಳೆಯ ಪ್ಯಾಂಟು. ಐವತ್ತು ದಾಟಿದ ಮೇಲೆ ಪ್ಯಾಂಟು ಹಾಕಿದೆ ಅಂತ ಊರಿನಲ್ಲಿ ಯಾರಿಗೂ ಹೇಳಬೇಡ ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ, ಈಗ ನಾನೇ ಬರೆಯುತ್ತಿದ್ದೇನೆ.

"ಬಂದ್ರಾ ಅತ್ತಿಗೆ?" ಎಂದರು ಲೋಕೇಶಪ್ಪ. "ಒಳ್ಳೇದಾಯ್ತು. ದ್ವೀಪ ಚೆನ್ನಾಗೈತೆ, ನಾಲ್ಕು ದಿನ ನೋಡ್ಕಂಡು ಹೋಗೀರಂತೆ."

"ದ್ವೀಪ ಎಲ್ಲಿಗೂ ಓಡೋಗಲ್ಲ ಬುಡಿ ಲೋಕೇಶಪ್ಪಾರೇ. ಮೊದ್ಲು ಮರ ತೋರ್ಸಿ."

ತೋರಿಸಿದರು. ಅಂಚಿನ ಸುತ್ತ ಓಡುವ ಪಟ್ಟಿ, ಮೇಲೆ ಹಿಡಿದು ನಡೆಯುವ ಕೈಹಿಡಿಗಳು, ಕಿಂಡಿಗಳ ಚೌಕಟ್ಟು, ಚುಕ್ಕಾಣಿಯ ಉದ್ದನೆಯ ಹಿಡಿ, ಎಲ್ಲವೂ ಅಪ್ಪಟ ತೇಗ, ಎಲ್ಲವೂ ಹಾಳು. ಹಳೆಯ ವಾರ್ನಿಶ್ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಕೆಳಗೆ ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಇಂಥ ಮರವನ್ನು ಇಂಥ ಬಿಸಿಲಿಗೂ ಉಪ್ಪಿಗೂ ಬಿಟ್ಟವರ ಮೇಲೆ ಸಿಟ್ಟು ಬಂತು.

ಕೆರೆಯುವ ದಿನಗಳು

ನಾವಿಬ್ಬರೂ ಕೆರೆಯಲು ಕುಳಿತೆವು. ಬಿಸಿಗಾಳಿ ಊದುವ ಯಂತ್ರವನ್ನು ಸರೋಜ ಹಿಡಿಯುವುದು, ಹಳೆಯ ವಾರ್ನಿಶ್ ಮೆತ್ತಗಾಗಿ ಗುಳ್ಳೆ ಎದ್ದ ಕೂಡಲೇ ನಾನು ಕೆರೆಯುವ ತಗಡಿನಿಂದ ಎಬ್ಬಿಸುವುದು. ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜುವುದು, ಮರದ ಗೆರೆ ಓಡಿದ ಕಡೆಗೇ ಉಜ್ಜುವುದು, ಅಡ್ಡ ಉಜ್ಜಿದರೆ ಗೀರು ಕೊನೆಯವರೆಗೂ ಕಾಣುತ್ತದೆ. ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೂದಿ ಬಣ್ಣ ಹೋಗಿ ಜೇನಿನ ಬಣ್ಣ ಕಂಡಾಗ ಸರೋಜ "ಅಕ್ಕಾ!" ಎಂದು ಕೂಗಿಕೊಂಡಳು.

ಪಕ್ಕದ ದೋಣಿಯಲ್ಲಿ ಮಾರ್ಗರೆಟ್ ಎಂಬ ನ್ಯೂಜಿಲೆಂಡಿನ ಮುದುಕಿ ಒಬ್ಬಳೇ ಇದ್ದಳು. ಸರೋಜನಿಗೆ ಹಾಯಿ ಕಲಿಸಿದ ಗುರು ಇವಳೇ. ಗಂಡಸರ ಚಡ್ಡಿ, ಬರಿಗಾಲು, ಹಲ್ಲಿನಲ್ಲಿ ಕಚ್ಚಿದ ಬ್ರಷ್ಷು. ಅವಳ ಒಂದು ಪದ್ಧತಿ ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಚಹಾಕ್ಕೆ ಕರೆದರೆ ತನ್ನ ಲೋಟ ತಾನೇ ತರುತ್ತಿದ್ದಳು, ಕುರ್ಚಿಯನ್ನೂ ತರುತ್ತಿದ್ದಳು, ಕುಡಿದು ಲೋಟ ತೊಳೆದುಕೊಂಡು ಕುರ್ಚಿ ಮಡಚಿ ಹೋಗುತ್ತಿದ್ದಳು. ನಮ್ಮ ಕಡೆ ಹಾಗೆ ಯಾರಾದರೂ ಬಂದರೆ, ನಮ್ಮ ಮನೆ ಲೋಟದಲ್ಲಿ ಏನು ವಿಷ ಹಾಕಿದ್ದೀವಾ ಎಂದು ವರ್ಷಗಟ್ಟಲೆ ಮಾತು ಬಿಡುತ್ತೇವೆ. ಅಲ್ಲಿ ದೋಣಿಯವರೆಲ್ಲ ಹಾಗೆಯೇ ಅಂತೆ, ಒಬ್ಬರ ಬಳಿ ಇರುವುದೇ ಎರಡು ಲೋಟ.

ಯಾರ್ಡಿನ ಕ್ಯಾಂಟೀನು ನಡೆಸುವಾಕೆ ಕಾಕ್ ಮಿನಾ. ಕಾಕ್ ಎಂದರೆ ಅವರ ಭಾಷೆಯಲ್ಲಿ ಅಕ್ಕ. ಎದುರಿಗೆ ಕಂಡರೆ ನಮಸ್ಕಾರಕ್ಕಿಂತ ಮೊದಲು "ಸುಡಾ ಮಾಕಾನ್?" ಅನ್ನುತ್ತಾಳೆ. ಏನೆಂದು ಕೇಳಿದರೆ, "ಊಟ ಆಯ್ತಾ" ಅಂತೆ! ಅಲ್ಲಿಗೆ ನನಗೆ ಆ ದೇಶ ಪರದೇಶ ಅನ್ನಿಸುವುದು ನಿಂತುಹೋಯಿತು. ತೆಂಗಿನ ಹಾಲಿನಲ್ಲಿ ಅನ್ನ ಬೇಯಿಸಿ ಬಾಳೆಲೆಯಲ್ಲಿ ಕಟ್ಟಿಕೊಡುತ್ತಿದ್ದಳು. ಒಣ ಮೀನು ಪಕ್ಕಕ್ಕೆ ಸರಿಸಿ ನಾನು ಅನ್ನವನ್ನೆಲ್ಲ ಬಳಿದು ತಿನ್ನುತ್ತಿದ್ದೆ.

ಒಂದು ಮಾತ್ರ ಸಹಿಸಲಾಗಲಿಲ್ಲ. ದಂಡೆಯ ತೆಂಗಿನ ಮರಗಳಿಂದ ಕಾಯಿ ತಾವಾಗಿ ಉದುರುತ್ತವೆ, ಯಾರೂ ಎತ್ತಿಕೊಳ್ಳುವುದಿಲ್ಲ! ಕಾಯಿ ಬಿದ್ದ ಸದ್ದು ಕೇಳಿದರೆ ಎದ್ದು ಹೋಗದೆ ಇರುವುದು ನಮ್ಮ ಜನ್ಮಕ್ಕಾದರೂ ಸಾಧ್ಯವೇ? ಬೆಳಿಗ್ಗೆ ಎದ್ದು ಆಯ್ದು ತಂದು ಸಂಪಿಗೆಯ ಕೆಳಗೆ ಗುಡ್ಡೆ ಹಾಕತೊಡಗಿದೆ. ಮಾರ್ಗರೆಟ್ ದಿನಾ ಆ ಗುಡ್ಡೆಯನ್ನು ನೋಡಿ, ನನ್ನನ್ನು ನೋಡಿ ಹೋಗುತ್ತಿದ್ದಳು.

ಮರ ಎಣ್ಣೆ ಕುಡಿದ ಕಥೆ

ಉಜ್ಜುವುದು ಮುಗಿಯಿತು. ಕೈಯಾಡಿಸಿದರೆ ರೇಷ್ಮೆ. ಆದರೆ ಮರ ಒಣಗಿ ಬಾಯಾರಿದ ಹಾಗೆ ಕಂಡಿತು. ಊರಿನಲ್ಲಿ ಹಳೆಯ ಬಾಗಿಲು ಬಂದರೆ ನಾವು ಮಾಡುವುದೇನು? ಬಣ್ಣ ಕೆರೆದು, ಉಜ್ಜಿ, ಸಂಜೆ ಸ್ವಲ್ಪ ಕೊಬ್ಬರಿ ಎಣ್ಣೆ ಕುಡಿಸುತ್ತೇವೆ, ಬೆಳಿಗ್ಗೆ ಪಾಲಿಶ್. ನಮ್ಮ ಸ್ಪಿರಿಟ್ ಪಾಲಿಶಿಗೆ ಎಣ್ಣೆ ನೆಂಟ. ಅರಗಿನ ಪಾಲಿಶ್ ಅದ್ದಿದ ಬಟ್ಟೆಯ ಉಂಡೆಗೆ ಒಂದು ತೊಟ್ಟು ಎಣ್ಣೆ ಮುಟ್ಟಿಸದಿದ್ದರೆ ಅದು ಮರಕ್ಕೆ ಕಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಅದೇ ಎಣ್ಣೆ, ಅದೇ ಕೈ.

ಪೆಟ್ಟಿಗೆಯಿಂದ ಗಾಣದ ಎಣ್ಣೆ ತೆಗೆದೆ. ಮಾರ್ಗರೆಟ್ ಸಾಮಾನು ತರಲು ಎರಡು ಮೂರು ದಿನಕ್ಕೆಂದು ಕಡಲಾಚೆಯ ಪೇಟೆಗೆ ಹೋಗಿದ್ದಳು, ಇದ್ದಿದ್ದರೆ ನನ್ನ ಕೈ ಹಿಡಿಯುತ್ತಿದ್ದಳು. ಸರೋಜನಿಗೆ ನನ್ನ ಮೇಲೆ ದೇವರ ಮೇಲಿನಷ್ಟು ನಂಬಿಕೆ. ಅಂಚುಪಟ್ಟಿಯಿಂದ ಹಿಡಿದು ಚುಕ್ಕಾಣಿಯ ಹಿಡಿಯವರೆಗೆ ಒಂದೂ ಬಿಡದೆ ಎಣ್ಣೆ ತಿಕ್ಕಿದೆ. ಮರ ಥಳಥಳ ಅಂದಿತು. "ನೋಡ್ಲಾ ತೇಗ ಅಂದ್ರೆ ಇದು!" ಎಂದು ದಾರಿಯಲ್ಲಿ ಹೋಗುತ್ತಿದ್ದ, ಕನ್ನಡ ಬಾರದ ಯಾರಿಗೋ ಕೂಗಿ ಹೇಳಿದೆ. ಲೋಕೇಶಪ್ಪನವರೂ ಏಣಿ ಹತ್ತಿ, ಸುತ್ತಲೂ ನೋಡಿ ಇಳಿದು ಹೋದರು.

ಮಾರನೆಯ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಡಬ್ಬದ ವಾರ್ನಿಶ್ ತೆಗೆದು ಬ್ರಷ್ಷಿನಲ್ಲಿ ಎಳೆದೆ. ಎಳೆದ ಜಾಗದಲ್ಲಿ ಅದು ನಿಲ್ಲಲೇ ಇಲ್ಲ. ಕಣ್ಣೆದುರಿಗೇ ಹಿಂದಕ್ಕೆ ಸರಿದು ಸರಿದು ಮೀನಿನ ಕಣ್ಣಿನಂಥ ತೂತು ತೂತು. ಮತ್ತೆ ಎಳೆದೆ, ಮತ್ತೆ ತೂತು. ಒಣಗಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸುತ್ತಲೂ ಮುಗಿಸಿದೆ. ಸಂಜೆಗೂ ಅಂಟು. ಮಾರನೆಯ ದಿನವೂ ಅಂಟು. ನೊಣವೊಂದು ಬಂದು ಕುಳಿತು, ಏಳಲಾಗದೆ ಅಲ್ಲೇ ಪ್ರಾಣ ಬಿಟ್ಟಿತು.

ಲೋಕೇಶಪ್ಪ ಬಂದು ಹೆಬ್ಬೆರಳು ಒತ್ತಿದರು. ಬೆರಳಿನ ಗುರುತು ಅಚ್ಚೊತ್ತಿದ ಹಾಗೆ ಉಳಿಯಿತು. ನಕ್ಕಿದ್ದರೆ ಜಗಳವಾಡುತ್ತಿದ್ದೆ, ನಗಲಿಲ್ಲ. "ಹುಣ್ಣಿಮೆ ನಮಗೋಸ್ಕರ ನಿಲ್ಲಲ್ಲ ಅತ್ತಿಗೆ" ಎಂದು ಮೆಲ್ಲಗೆ ಹೇಳಿ, ಏಣಿಯ ಕೆಳಗೆ ನಿಂತೇ ಕೊಳ್ಳುವವನಿಗೆ ಫೋನು ಮಾಡಿದರು. ಸರೋಜ ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಕೇಳಿಸಿತು. ಚಿಕ್ಕವಳಿದ್ದಾಗಿನಿಂದ ಅವಳು ಅಳುವುದು ಹಾಗೆಯೇ. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಂಗಿಯ ದೋಣಿ ಉಳಿಸಲು ಬಂದವಳು ನಾನೇ ಮುಳುಗಿಸಿದೆನಲ್ಲ!

ಅಷ್ಟರಲ್ಲಿ ಮಾರ್ಗರೆಟ್ ಪೇಟೆಯಿಂದ ವಾಪಸು ಬಂದಳು. ಮೂಸಿದಳು. "ಕೋಕನಟ್?" ಎಂದಳು. ತಲೆಯಾಡಿಸಿದೆ. ಅವಳು ಹಣೆ ಹಿಡಿದುಕೊಂಡು ಕುರ್ಚಿಯಿಲ್ಲದೆ ನೆಲದಲ್ಲೇ ಕುಳಿತುಬಿಟ್ಟಳು. ಸರೋಜ ಬಿಡಿಸಿ ಹೇಳಿದ್ದು ಹೀಗೆ: ತೇಗದಲ್ಲಿ ಅದರದೇ ಎಣ್ಣೆ ಇರುತ್ತದೆ. ವಾರ್ನಿಶ್ ಹಾಕುವ ಮುಂಚೆ ಅದನ್ನೇ ಥಿನ್ನರ್ ಹಾಕಿ ಒರೆಸಿ ತೆಗೆಯಬೇಕು. ವಾರ್ನಿಶಿಗೆ ಎಣ್ಣೆ ಅಂದರೆ ಆಗದು. ನಾನು ಅದರ ಮೇಲೆ ಇನ್ನಷ್ಟು ಸುರಿದಿದ್ದೆ.

ಎಣ್ಣೆನೀರು

ಅಂಟು ವಾರ್ನಿಶ್ ಎಲ್ಲ ಮತ್ತೆ ಕೆರೆದೆವು. ಥಿನ್ನರಿನಲ್ಲಿ ಒರೆಸಿದೆವು. ಒರೆಸಿದಾಗ ಒಣಗಿದಂತೆ ಕಾಣುತ್ತದೆ, ಬೆಳಿಗ್ಗೆ ನೋಡಿದರೆ ಒಳಗಿನಿಂದ ಎಣ್ಣೆ ಮತ್ತೆ ಮೇಲೆ ಬಂದು ಕುಳಿತಿರುತ್ತದೆ. ಮತ್ತೆ ಒರೆಸು, ಮತ್ತೆ ಬರುತ್ತದೆ. ಚಂದ್ರ ದಿನದಿನಕ್ಕೆ ದುಂಡಗಾಗುತ್ತಿದ್ದ. ಅವನ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಸರೋಜ ತಲೆ ಬಾಚಿಕೊಳ್ಳುತ್ತಾ ಕುಳಿತಿದ್ದಳು. ಹಿಂದಿನ ಸಂಜೆ ಅದೇ ಎಣ್ಣೆ ಹಾಕಿಕೊಂಡಿದ್ದಳು. "ಅಕ್ಕಾ, ಆ ಸೀಗೆಪುಡಿ ಎಲ್ಲಿಟ್ಟೆ? ಜಿಡ್ಡು ಜಿಡ್ಡು ಕಣೇ ತಲೆ" ಎಂದಳು.

ನಾನು ಎದ್ದು ನಿಂತೆ. ನನ್ನ ತಲೆಯ ಮೇಲೆ ನಾನೇ ಮೊಟಕಿಕೊಂಡೆ. ಯುಗಾದಿಗೆ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿಕೊಂಡವರು ಅದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಾರಾ? ಬಿಸಿನೀರು, ಸೀಗೆ, ಅಂಟುವಾಳ ಹಾಕಿ ತಿಕ್ಕುತ್ತಾರೆ. ಎಣ್ಣೆ ಹಚ್ಚುವುದನ್ನು ಕಲಿತವಳಿಗೆ ತೊಳೆಯುವುದು ಮರೆತುಹೋಯಿತೇ?

"ಲೇ ಸರೋಜಿ, ತಲೆ ಹಾಗೇ ಇರ್ಲಿ ಬುಡು. ನೀರು ಕಾಯ್ಸು. ಎಷ್ಟು ಪಾತ್ರೆ ಐತೋ ಅಷ್ಟರಲ್ಲೂ ಕಾಯ್ಸು. ಇವತ್ತು ಸಂಪಿಗೆಗೆ ಎಣ್ಣೆನೀರು!"

ಆಯ್ದು ಗುಡ್ಡೆ ಹಾಕಿದ್ದ ಕಾಯಿಗಳ ಮಟ್ಟೆ ಕಿತ್ತು ನಾರು ತೆಗೆದು ಉಂಡೆ ಮಾಡಿದೆ. ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ನಾರಿನಲ್ಲಿ ಅದ್ದಿ, ಗೆರೆಯುದ್ದಕ್ಕೂ ತಿಕ್ಕಿದೆ. ಕಂದು ನೊರೆ ಎದ್ದಿತು, ಅಂಚಿನಿಂದ ಇಳಿದು ತಳದ ಹೊಸ ಬಣ್ಣದ ಮೇಲೆಲ್ಲ ಹರಿಯಿತು. ಸರೋಜ ಹಿಂದಿನಿಂದ ಚೊಂಬಿನಲ್ಲಿ ನೀರು ಹುಯ್ಯುತ್ತಾ ಬಂದಳು. ಅಕ್ಕಪಕ್ಕದ ದೋಣಿಗಳವರು ಕೆಲಸ ಬಿಟ್ಟು ನೋಡತೊಡಗಿದರು. ಕಾಕ್ ಮಿನಾ ಕ್ಯಾಂಟೀನಿನಿಂದ ಬಂದು ನೊರೆ ಮೂಸಿ, ಒಂದು ಹಿಡಿ ಪುಡಿ ಕೇಳಿ ಇಸಿದುಕೊಂಡು ಹೋದಳು, ಅವಳ ತಲೆಗೆ ಇರಬೇಕು.

ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದೆ. ಎಣ್ಣೆ ಇದ್ದರೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಗುಂಡಗೆ ನಿಲ್ಲಬೇಕು, ಇಲ್ಲದಿದ್ದರೆ ಹರಡಬೇಕು. ಕೆಲವು ಕಡೆ ನಿಂತಿತು. ಮತ್ತೆ ನೀರು ಕಾಯಿಸಿದೆವು, ಮತ್ತೆ ತಿಕ್ಕಿದೆವು. ಚುಕ್ಕಾಣಿಯ ಹಿಡಿ ಮೊಂಡು ಮಗುವಿನ ಹಾಗೆ ಕೊನೆಯವರೆಗೂ ಹಟ ಮಾಡಿತು. ಕೊನೆಗೆ ಅಲ್ಲೂ ಹನಿ ಹರಡಿ ಮರದೊಳಗೆ ಇಂಗಿತು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಉಪ್ಪುಕಾಗದ ಆಡಿಸಿ, ಮಾರ್ಗರೆಟ್ ಹೇಳಿದ ಹಾಗೆ ಥಿನ್ನರಿನಲ್ಲಿ ಒರೆಸಿ, ಒರೆಸಿದ ಕೈಯಲ್ಲೇ ಅರ್ಧಕ್ಕರ್ಧ ತೆಳುಮಾಡಿದ ವಾರ್ನಿಶ್ ಎಳೆದೆ.

ನಿಂತಿತು! ತೂತಿಲ್ಲ, ಕಣ್ಣಿಲ್ಲ. ಮರ ಗಟಗಟ ಕುಡಿದು ಸುಮ್ಮನಾಯಿತು. ನಾನು ಬ್ರಷ್ಷು ಹಿಡಿದುಕೊಂಡೇ ಕುಣಿದೆ ಕಣ್ರೀ, ಪ್ಯಾಂಟು ಹಾಕಿದ್ದು ಆಗ ಅನುಕೂಲಕ್ಕೆ ಬಂತು. ಮಾರ್ಗರೆಟ್ ನಮ್ಮ ದೋಣಿಗೆ ಬಂದು ನಮ್ಮ ಲೋಟದಲ್ಲೇ ಚಹಾ ಕುಡಿದಳು. ತನ್ನದನ್ನು ತರಲು ಮರೆತಳೋ, ಬೇಕೆಂದೇ ಬಿಟ್ಟು ಬಂದಳೋ ಗೊತ್ತಿಲ್ಲ.

ಮಳೆ

ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ಲಯ ಸಿಕ್ಕಿತು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಒಂದು ಕೋಟು. ಮಾರನೆಯ ದಿನ ನಯವಾದ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಇನ್ನೊಂದು. ಡಬ್ಬವನ್ನು ಕುಲುಕಬಾರದು, ಗುಳ್ಳೆ ಏಳುತ್ತದೆ. ಎಳೆದ ಜಾಗಕ್ಕೆ ಮತ್ತೆ ಬ್ರಷ್ಷು ತರಬಾರದು. ಬಟ್ಟೆಯ ಉಂಡೆಗೆ ಒಗ್ಗಿದ ನನ್ನ ಕೈಗೆ ಬ್ರಷ್ಷು ಮೊದಲು ಬಗ್ಗಲಿಲ್ಲ, ಆಮೇಲೆ ಬಗ್ಗಿತು. ಕೋಟಿನ ಮೇಲೆ ಕೋಟು ಬಿದ್ದಂತೆ ಮರ ಒಳಗಿನಿಂದ ಬೆಳಗತೊಡಗಿತು.

ಹುಣ್ಣಿಮೆಯ ಹಿಂದಿನ ದಿನ ಕೊನೆಯ ಕೋಟು. ನಾನು ಮುಂದಿನ ತುದಿಯಲ್ಲಿ, ಸರೋಜ ಹಿಂದಿನ ತುದಿಯಲ್ಲಿ. ಆಗತಾನೇ ಮುಗಿಸಿ ಬೆನ್ನು ನೆಟ್ಟಗೆ ಮಾಡುತ್ತೇನೆ, ಬೆಟ್ಟದ ಕಡೆಯಿಂದ ಕಪ್ಪು ಮೋಡ ಓಡಿ ಬರುತ್ತಿದೆ! ಆ ಊರಿನ ಮಳೆ ಹೇಳಿ ಕೇಳಿ ಬರುವುದಲ್ಲ. ಹಸಿ ವಾರ್ನಿಶಿನ ಮೇಲೆ ಹನಿ ಬಿದ್ದರೆ ಮುಗಿಯಿತು, ಮತ್ತೆ ಕೆರೆದು ಹಾಕಲು ದಿನವೇ ಉಳಿದಿರಲಿಲ್ಲ. ಟಾರ್ಪಾಲು ಕೆಳಗೆ ಮಡಚಿ ಬಿದ್ದಿತ್ತು. ನಾನು ಏಣಿಯ ಕಡೆ ತಿರುಗಿದೆ.

"ಮಳೆ ಬಂತು! ಮಳೆ ಬಂತು! ಟಾರ್ಪಾಲು ಹಿಡೀರೋ, ಬನ್ರೋ ಎಲ್ಲಾ!"

ಇಂಜಿನ್ ಷೆಡ್ಡಿನಿಂದ ಲೋಕೇಶಪ್ಪ ಕೂಗುತ್ತಾ ಓಡಿ ಬರುತ್ತಿದ್ದರು. ಮಂಡಿ ನೋವಿನ ಮನುಷ್ಯ, ಗ್ರೀಸಿನ ಕೈ, ಅಚ್ಚ ಚಿಕ್ಕನಾಯಕನಹಳ್ಳಿ ಕನ್ನಡ. ಯಾರ್ಡಿನಲ್ಲಿ ಒಬ್ಬರಿಗೂ ಆ ಮಾತು ಅರ್ಥವಾಗುವಂತಿರಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಕಾಕ್ ಮಿನಾ ಸೌಟು ಹಿಡಿದುಕೊಂಡೇ ಬಂದಳು. ಮಾರ್ಗರೆಟ್ ತನ್ನ ದೋಣಿಯ ಹೊದಿಕೆಯನ್ನೇ ಎಳೆದು ತಂದಳು. ಟಾರ್ಪಾಲು ಮರಕ್ಕೆ ತಾಗಬಾರದು, ಮೇಲಕ್ಕೆ ಎತ್ತಿ ಹಿಡಿದುಕೊಂಡೇ ನಿಲ್ಲಬೇಕು. ದೋಣಿಯ ಮೇಲೆ ಎಲ್ಲರೂ ಕೈ ಎತ್ತಿ ನಿಂತೆವು. ಒಂದು ಮೂಲೆಯನ್ನು ತಲೆಯ ಮೇಲೆ ಹೊತ್ತು, ಬೆನ್ನೆಲ್ಲ ನೆನೆಯುತ್ತಾ, ಮಳೆ ನಿಲ್ಲುವವರೆಗೂ ಲೋಕೇಶಪ್ಪ ಅಲ್ಲಾಡಲಿಲ್ಲ.

ನಿಂತಿತು. ಇಣುಕಿ ನೋಡಿದೆ. ಒಂದು ಹನಿಯೂ ಬಿದ್ದಿರಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಯಾಕೆ ಓಡ್ಬಂದ್ರಿ ಲೋಕೇಶಪ್ಪಾರೇ? ವಾರ್ನಿಶ್ ನೆಂದೋಗಿದ್ರೆ ನೀವೇ ಗೆಲ್ತಿದ್ರಲ್ಲಾ?"

ಅವರು ತಲೆಯ ನೀರು ಒರೆಸಿಕೊಂಡರು. "ಕಣದಾಗೆ ರಾಗಿ ಹರಡಿರ್ವಾಗ ಮಳೆ ಬಂದ್ರೆ, ಯಾರ ರಾಗಿ ಅಂತ ಕೇಳ್ಕಂಡು ಓಡ್ತೀವಾ ಅತ್ತಿಗೆ?"

ನನಗೆ ಕಣ್ಣು ತುಂಬಿ ಬಂತು. ಆದರೆ ಮನುಷ್ಯ ಹಟಮಾರಿ. ಏಣಿ ಇಳಿಯುತ್ತಾ, "ಮಾತು ಮಾತೇ ಮತ್ತೆ. ನಾಳೆ ನೀರು ಏರೋ ಹೊತ್ಗೆ ಒಣಗಿರ್ಬೇಕು" ಎಂದರು.

ಹುಣ್ಣಿಮೆ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವರೇ ಮೇಲಿದ್ದರು. ಚುಕ್ಕಾಣಿಯ ಹಿಡಿಯ ಮೇಲೆ ಹೆಬ್ಬೆರಳು ಒತ್ತಿದರು. ತೆಗೆದರು. ಗುರುತಿಲ್ಲ. ಬಗ್ಗಿ ನೋಡಿದರು, ಅವರ ಮುಖವೇ ಅದರಲ್ಲಿ ಕಂಡಿತು, ಮೀಸೆ ಸಮೇತ. "ಹೂಂ" ಎಂದರು. ಅಷ್ಟೇ. ಆ "ಹೂಂ" ನನಗೆ ಸಾಕಾಗಿತ್ತು.

ನೀರಿಗಿಳಿಸುವ ಮುಂಚೆ ಕಾಯಿ ಒಡೆಯಬೇಕು. ಕಾಕ್ ಮಿನಾ ಪ್ರೀತಿಯಿಂದ ಅಂಗಡಿಯ ಕಾಯಿ ತಂದುಕೊಟ್ಟಳು. ನೋಡಿದರೆ ಬೋಳು! ಅಲ್ಲಿ ಕಾಯಿಯನ್ನು ಜುಟ್ಟಿಲ್ಲದೆ ಚೊಕ್ಕವಾಗಿ ಹೆರೆದು ಮಾರುತ್ತಾರೆ, ಹಾಲು ಹಿಂಡುವವರಿಗೆ ಜುಟ್ಟು ಯಾಕೆ ಬೇಕು? ಜುಟ್ಟಿಲ್ಲದ ಕಾಯಿಯನ್ನು ದೇವರ ಮುಂದೆ ಹಿಡಿಯುವುದುಂಟೇ? ನನ್ನ ಗುಡ್ಡೆಯಲ್ಲಿ ಉಳಿದಿದ್ದ ಒಳ್ಳೆಯದೊಂದನ್ನು ಆರಿಸಿ, ಯಾರ್ಡಿನ ಹಾರೆಯೊಂದನ್ನು ನೆಲಕ್ಕೆ ನಾಟಿ, ಕಾಯಿ ಚುಚ್ಚಿ ತಿರುವಿ ಸುಲಿದೆ, ಜುಟ್ಟು ಬಿಟ್ಟು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಮ್ಮ ಊರಿನಲ್ಲಿ ಕಾಯಿ ಸುಲಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ ಹೇಳಿ!

ಕಾಯಿ ಎತ್ತಿ ದೋಣಿಯ ಮೂತಿಯ ಹತ್ತಿರ ಹೋದೆ. "ಅತ್ತಿಗೇ! ವಾರ್ನಿಶ್ ಮೇಲಲ್ಲ, ವಾರ್ನಿಶ್ ಮೇಲಲ್ಲ!" ಎಂದು ಲೋಕೇಶಪ್ಪ ಎರಡೂ ಕೈ ಅಡ್ಡ ಹಿಡಿದು ಬಂದರು. ಮಾರುವವರ ಗಾಬರಿ ಅದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ದೋಣಿ ಹೊತ್ತ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಹೊಡೆದೆ. ಒಂದೇ ಏಟಿಗೆ ಎರಡು ಹೋಳು, ಒಳಗೆ ಬೆಳ್ಳಗೆ.

ನೀರು ಏರಿ ಇಳಿಜಾರಿನ ಗುರುತು ಮುಟ್ಟಿತು. ಟ್ರ್ಯಾಕ್ಟರು ಗಾಡಿಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಬಿಟ್ಟಿತು. ಸಂಪಿಗೆ ಒಮ್ಮೆ ಅಲ್ಲಾಡಿ, ನೀರನ್ನು ಸೊಂಟಕ್ಕೆ ಸುತ್ತಿಕೊಂಡು, ಎದ್ದು ತೇಲಿತು. ದಂಡೆಯಲ್ಲಿ ನಿಂತ ಮಾರ್ಗರೆಟ್ ಹಲ್ಲಿನಿಂದ ಬ್ರಷ್ಷು ತೆಗೆದು ಕೂಗಿದಳು. ಕಾಕ್ ಮಿನಾ ಎಲ್ಲರಿಗೂ ಕಾಯಿಚೂರು ಹಂಚಿದಳು.

ದೋಣಿಯ ಮೇಲೆ ನಾವು ಮೂವರೇ. ಕೊಲ್ಲಿ ದಾಟುವವರೆಗೆ ಇಂಜಿನ್, ಆಮೇಲೆ ಸರೋಜ ಅದನ್ನು ಆರಿಸಿದಳು. ಲೋಕೇಶಪ್ಪ ಹಗ್ಗ ಎಳೆದರು, ಹಾಯಿ ಮೇಲೇರಿ ಪಟಪಟ ಹೊಡೆದುಕೊಂಡು ಗಾಳಿ ತುಂಬಿ ನಿಂತಿತು. ದೋಣಿ ವಾಲಿತು. ನಾನೇ ಬೆಳಗಿಸಿದ ಕೈಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅಂಚಿನ ಪಟ್ಟಿಯ ಪಕ್ಕದಲ್ಲೇ ನೀರು ಓಡುತ್ತಿತ್ತು. ಹಿಂದೆ ತಿರುಗಿ ನೋಡಿದರೆ ನನ್ನ ತಂಗಿ ಕಾಲು ಅಗಲಿಸಿ, ಎರಡೂ ಕೈಯಲ್ಲಿ ಚುಕ್ಕಾಣಿಯ ಹಿಡಿ ಹಿಡಿದು, ಹಾಯಿಯನ್ನೇ ನೋಡುತ್ತಾ ನಿಂತಿದ್ದಳು. ಕಾಲುವೆಗೆ ಹೆದರುತ್ತಿದ್ದ ಸರೋಜಿ! ನಮ್ಮವ್ವ ನೋಡಬೇಕಿತ್ತು ಅನ್ನಿಸಿತು.

ಆಗ ಲೋಕೇಶಪ್ಪನವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರು. ಕೊಳ್ಳುವವನೇ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನಂಥವಳಿಗೂ ತಿಳಿಯಿತು: ಈ ದೋಣಿ ನನ್ನದಲ್ಲ ಸ್ವಾಮಿ, ಯಜಮಾನ್ತಿ ಇಲ್ಲೇ ಇದ್ದಾಳೆ, ಅವಳನ್ನೇ ಕೇಳಿ.

ಫೋನನ್ನು ಹೆಂಡತಿಯ ಕಡೆ ಚಾಚಿದರು. "ತಗೋ, ನಿಂಗೇ."

ಸರೋಜ ಹಾಯಿಯಿಂದ ಕಣ್ಣು ತೆಗೆಯಲಿಲ್ಲ. "ಕೈ ಬಿಡುವಿಲ್ಲ ಅಂತ ಹೇಳ್ರೀ" ಎಂದಳು. ಆಮೇಲೆ ಒಮ್ಮೆ ಅಂಚುಪಟ್ಟಿಯ ಮೇಲಿದ್ದ ಅವರ ಕಾಲು ನೋಡಿ, "ಹಂಗೇ ಆ ಚಪ್ಪಲಿ ಬಿಚ್ಚಿ ಕೂತ್ಕಳಿ. ನಮ್ಮಕ್ಕನ ವಾರ್ನಿಶ್ ಮೇಲೆ ನಿಂತಿದ್ದೀರಿ, ನೋಡ್ರಿ!"

ಲೋಕೇಶಪ್ಪ ಚಪ್ಪಲಿ ಬಿಚ್ಚಿದರು.